ಒಂದೇ ಕಿವಿಗೆ ಜೋಡಿ ಸ್ಪೀಕರ್

ಮಾರ್ಚ್ 3

ಅಣ್ಣನಿಗೆ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯಲು ಕೂತಿದ್ದೇನೆ ಎಂದರೆ ಅದಕ್ಕೆ ಕಾರಣ ನೀನೇ. ಆಪರೇಷನ್ ಆದಮೇಲೆ ನೀನು ಫೋನಿನಲ್ಲಿ ನನ್ನ ಜೊತೆ ಮಾತಾಡುವುದಿಲ್ಲ, ಕೂಗುತ್ತೀಯ. ಹೋಗಿರುವುದು ಎಡಕಿವಿ, ಫೋನ್ ಹಿಡಿಯುವುದು ಬಲಕಿವಿಗೆ ಎಂದು ಎಷ್ಟು ಸಲ ಹೇಳಿದರೂ ನಿನ್ನ ತಲೆಗೆ ಹೋಗಿಲ್ಲ. ಮೊನ್ನೆ ನೀನು "ಊಟ ಆಯ್ತಾ" ಅಂದದ್ದು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದ ಇವರಿಗೂ ಕೇಳಿಸಿ, "ಆಯ್ತು ಭಾವ" ಎಂದು ಅಲ್ಲಿಂದಲೇ ಉತ್ತರ ಕೊಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಸ್ಪೀಕರ್ ಕೊಳ್ಳುತ್ತಿದ್ದೇನೆ. ಮೇಜಿನ ಮೇಲೆ ಕೂರಿಸುವ ಪುಟಾಣಿಗಳಲ್ಲ. ನೆಲದ ಮೇಲೆ ನಿಲ್ಲುವ, ನನ್ನ ಎದೆಯೆತ್ತರದ ಜೋಡಿ. ಮೂವತ್ತು ವರ್ಷದಿಂದ ಹಾಡು ರೆಕಾರ್ಡ್ ಮಾಡುವುದೇ ನಿನ್ನ ಕಸುಬು. ಯಾವುದು ತೆಗೆದುಕೊಳ್ಳಲಿ, ಹೇಳು.

ಇನ್ನೊಂದು ವಿಷಯವೂ ಇದೆ. ಸುತ್ತಿ ಬಳಸಿ ಬರೆಯುವುದಿಲ್ಲ. ಮೊದಲೆಲ್ಲ ನಿನ್ನ ಸ್ಟುಡಿಯೋದಿಂದ ಒಂದು ಹಾಡೂ ನಾನು ಕೇಳಿ "ಹೂಂ" ಅನ್ನದೆ ಹೊರಗೆ ಹೋಗುತ್ತಿರಲಿಲ್ಲ. ನಾನು ಬೇಡ ಅಂದದ್ದನ್ನು ನೀನು ಬೈದುಕೊಂಡೇ ಮತ್ತೆ ಮಾಡುತ್ತಿದ್ದೆ. ಆಪರೇಷನ್ ಆಗಿ ಎರಡು ವರ್ಷವಾಯಿತು, ನಿನ್ನಿಂದ ಒಂದು ಸಿಡಿ ಬಂದಿಲ್ಲ. ಕೆಲಸವೇನೂ ನಿಂತಿಲ್ಲ, ನಿನಗೆ ಉಸಿರಾಡಲು ಪುರುಸೊತ್ತಿಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಹಾಗಾದರೆ ಈಗ ಮೊದಲು ಕೇಳುವವರು ಯಾರು? ಯಾರೇ ಆಗಿರಲಿ, ಎಬ್ಬಿಸು. ಆ ಜಾಗ ನನ್ನದು.

ನಿನ್ನ ಮೊಂಡಿ


ಮಾರ್ಚ್ 21

ಮೊಂಡಿಗೆ,

ಕಾಗದ ಓದಿ ನಿನ್ನ ಅತ್ತಿಗೆ ಒಂದೇ ಸಮನೆ ನಕ್ಕಳು. ನಾನು ಕೂಗುತ್ತೇನೆ ಅನ್ನುವುದು ನಿಜವಂತೆ. ಇರಬಹುದು.

ಸ್ಪೀಕರ್ ವಿಚಾರ. ಬೇಜಾರು ಮಾಡಿಕೊಳ್ಳಬೇಡ, ನನ್ನ ಕಸುಬಿನ ಮಾತು ಹೇಳುತ್ತೇನೆ. ಜೋಡಿ ಸ್ಪೀಕರ್ ಮಾಡಿರುವುದು ಎರಡು ಕಿವಿಯ ಲೆಕ್ಕದಲ್ಲಿ. ಎಡಗಡೆಯದು ಎಡಕಿವಿಗೆ ಒಂದು ಚೂರು ಮೊದಲು ಮುಟ್ಟುತ್ತದೆ, ಬಲಗಡೆಯದು ಬಲಕಿವಿಗೆ. ಆ ವ್ಯತ್ಯಾಸ ಹಿಡಿದು ತಲೆಯೊಳಗೆ ಒಂದು ವೇದಿಕೆ ಎದ್ದು ನಿಲ್ಲುತ್ತದೆ: ಇಲ್ಲಿ ಗಾಯಕಿ, ಅಲ್ಲಿ ಪಿಟೀಲು ಅಂತ. ಒಂದು ಕಿವಿಗೆ ಆ ವೇದಿಕೆ ಏಳುವುದಿಲ್ಲ. ಅಷ್ಟು ದೊಡ್ಡ ಜೋಡಿ ತಂದು ಮನೆ ತುಂಬಿಸಿಕೊಳ್ಳುವ ಬದಲು ಒಳ್ಳೆಯದೊಂದು ರೇಡಿಯೋ ತೆಗೆದುಕೋ. ನಾನೇ ಆರಿಸಿ ಕಳಿಸುತ್ತೇನೆ.

ಇನ್ನು ನನ್ನ ರೆಕಾರ್ಡಿಂಗ್. ಈಗೆಲ್ಲ ಅವಸರದ ಕೆಲಸ. ಬೆಳಿಗ್ಗೆ ಹಾಡಿದ್ದನ್ನು ಸಂಜೆಗೆ ಕೇಳುತ್ತಾರೆ. ಅಂಚೆಗೆ ಹಾಕಿ ನಿನ್ನ ಉತ್ತರಕ್ಕೆ ಕಾಯುವಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಬೇರೆ ಏನೂ ಇಲ್ಲ.

ನಿಮ್ಮ ಮನೆಯ ಮೇಷ್ಟ್ರನ್ನು ಕೇಳಿದೆ ಎಂದು ಹೇಳು.

ನಿನ್ನ ಅಣ್ಣ


ಏಪ್ರಿಲ್ 14

ಅಣ್ಣನಿಗೆ,

"ಬೇರೆ ಏನೂ ಇಲ್ಲ" ಎಂದು ಬರೆದಿದ್ದೀಯ. ಬೇರೆ ಏನೂ ಇಲ್ಲದವರು ಹಾಗೆ ಬರೆಯುವುದಿಲ್ಲ.

ನಿನ್ನ ರೇಡಿಯೋ ನಿನ್ನ ಹತ್ತಿರವೇ ಇರಲಿ. ನಾನು ಅಂಗಡಿಗೆ ಹೋಗಿದ್ದೆ. ಸ್ಪೀಕರ್ ಕೇಳಿಸುವುದಕ್ಕೆಂದೇ ಒಂದು ಕೋಣೆ, ದಪ್ಪ ಪರದೆ, ನಡುವೆ ಒಂದೇ ಒಂದು ಚರ್ಮದ ಕುರ್ಚಿ. ಅಂಗಡಿಯವನು ನನ್ನನ್ನು ಅದರಲ್ಲಿ ಕೂರಿಸಿ, ತಲೆ ಅಲ್ಲಾಡಿಸಬಾರದು ಅಂದ. ಹಲ್ಲಿನ ಡಾಕ್ಟರ ಹತ್ತಿರ ಹೋದ ಹಾಗಾಯಿತು.

"ಕಣ್ಣು ಮುಚ್ಚಿ ಮೇಡಂ. ಗಾಯಕಿ ಸರಿಯಾಗಿ ನಿಮ್ಮ ಎದುರಿಗೇ ನಿಂತ ಹಾಗಿಲ್ವಾ?"

"ಇಲ್ಲ. ನನಗೆ ಎಡಕಿವಿ ಕೇಳಿಸಲ್ಲ."

ಅವನ ಮುಖ ನೋಡಬೇಕಿತ್ತು. ಹಾಡು ನಿಲ್ಲಿಸಿದ. ಆಮೇಲೆ ತುಂಬ ಮೆತ್ತಗೆ, "ಆ ಕಡೆ ಒಂದೊಂದೇ ಬರೋ ಚಿಕ್ಕವು ಇದಾವೆ, ನೋಡ್ತೀರಾ?" ಅಂದ.

"ನಾನು ನೋಡೋಕೆ ಬಂದಿಲ್ಲಪ್ಪ, ಕೇಳೋಕೆ ಬಂದಿದೀನಿ. ಹಾಡು ಹಾಕಿ."

ಹಾಕಿದ. ನಾನು ಕುರ್ಚಿ ಬಿಟ್ಟು ಎದ್ದೆ. ಎಡಗಡೆಯ ಪೆಟ್ಟಿಗೆಯ ಪಕ್ಕ ಹೋಗಿ ನಿಂತೆ, ಬಲಗಡೆಯದಕ್ಕೆ ಬಂದೆ, ಗೋಡೆಗೆ ಒರಗಿ ನಿಂತೆ, ಬಾಗಿಲಾಚೆ ಹೋಗಿ ಕೇಳಿದೆ. ಅವನು ನನ್ನ ಹಿಂದೆಯೇ, "ಮೇಡಂ, ಅಲ್ಲಿಂದ ಸರಿಯಾಗಿ ಕೇಳಿಸಲ್ಲ, ಇವನ್ನ ಆ ಕುರ್ಚಿಗೆ ಅಂತಲೇ ಹೊಂದಿಸಿರೋದು" ಎಂದು ಗೋಗರೆಯುತ್ತಿದ್ದ. ಅವನು ಹೇಳಿದ್ದು ನಿಜ. ಮೊದಲ ಜೋಡಿಯಲ್ಲಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗಾಯಕಿಗೆ ನೆಗಡಿ. ಎರಡನೆಯದರಲ್ಲಿ ಕೆಳಸ್ವರ ಬಂದಾಗಲೆಲ್ಲ ಪೆಟ್ಟಿಗೆಯೇ ನಡುಗುತ್ತಿತ್ತು. ಅಂಗೈ ಇಟ್ಟು ನೋಡಿದೆ. ಲಿಫ್ಟಿನ ಮೋಟರಿನ ಮೇಲೆ ಕೈಯಿಟ್ಟು ಅದರ ಹೊಟ್ಟೆನೋವು ಹೇಳುವುದೇ ನನ್ನ ಕೆಲಸ, ಇದೇನು ಮಹಾ. ನಡುಗುವ ಪೆಟ್ಟಿಗೆ ಹಾಡಿಗೆ ತನ್ನದೂ ಒಂದು ಸೇರಿಸುತ್ತದೆ.

ಮೂರನೆಯ ಜೋಡಿ ಎಲ್ಲಿ ನಿಂತರೂ ಅದೇ ಗಾಯಕಿ, ಅದೇ ಗಂಟಲು. ಮೇಲೆ ಕೈಯಿಟ್ಟರೆ ಸತ್ತ ಮರದ ಹಾಗೆ ಸುಮ್ಮನಿತ್ತು. "ಇದನ್ನ ತಿಳಿದೋರು ಯಾರೂ ತಗೊಳ್ಳಲ್ಲ ಮೇಡಂ, ಗಾಯಕಿ ಒಂದು ಕಡೆ ಗಟ್ಟಿಯಾಗಿ ನಿಲ್ಲಲ್ಲ, ಕೋಣೆಯೆಲ್ಲ ಹರಡ್ಕೋತಾಳೆ" ಅಂದ.

"ನಾನೂ ಹಾಗೇ. ಇದನ್ನೇ ಕಳಿಸಿ" ಅಂದೆ.

ಅಣ್ಣ, ನನಗೆ ಏಳದ ಆ ವೇದಿಕೆಯ ಬಗ್ಗೆ ನೀನು ಒಂದು ಪುಟ ಬರೆದೆ. ನನಗೆ ಏನು ಕೇಳಿಸುತ್ತದೆ ಎಂದು ಒಂದು ಸಾಲಿನಲ್ಲೂ ಕೇಳಲಿಲ್ಲ.

ಮೊಂಡಿ


ಮೇ 25

ಅಣ್ಣನಿಗೆ,

ನಿನ್ನಿಂದ ಉತ್ತರ ಬಂದಿಲ್ಲ. ನಾನು ಬರೆಯುವುದು ನಿಲ್ಲಿಸುವುದಿಲ್ಲ.

ಸ್ಪೀಕರ್ ಬಂದವು. ಒಂದೊಂದನ್ನು ಎತ್ತಲು ಇಬ್ಬರು ಆಳು. ನಮ್ಮ ಮನೆ ಐದನೇ ಮಹಡಿ, ಅವತ್ತೇ ನಮ್ಮ ಲಿಫ್ಟ್ ಕೆಟ್ಟು ನಿಂತಿತ್ತು. ಆಳು ಕೆಳಗಿನಿಂದ ಫೋನ್ ಮಾಡಿ, "ಅಮ್ಮ, ಈ ಲಿಫ್ಟ್ ರಿಪೇರಿ ಮಾಡೋರು ಯಾರಮ್ಮ, ಅವರ ಮನೆ ಹಾಳಾಗ" ಅಂದ. "ನಾನೇ ಕಣಪ್ಪ, ಬರ್ತಾ ಇದೀನಿ" ಎಂದು ಸ್ಪ್ಯಾನರ್ ಹಿಡಿದು ಮೇಲೆ ಮೋಟರ್ ಕೋಣೆಗೆ ಓಡಿದೆ. ಮೇಲೆ ಬಂದು ಪೆಟ್ಟಿಗೆ ಇಳಿಸುವಾಗ ಅವನು ನನ್ನ ಮುಖ ನೋಡಲಿಲ್ಲ. ಕಾಫಿಯನ್ನೂ ಗೋಡೆಯ ಕಡೆ ತಿರುಗಿ ಕುಡಿದ.

ಇವರು ಹಾಲಿನ ನಡುವೆ ನಿಂತು ಎರಡನ್ನೂ ಮೇಲಿಂದ ಕೆಳಗೆ ನೋಡಿ, "ಮಗಳಿಲ್ಲದ ಮನೆಗೆ ಇಬ್ಬರು ಅಳಿಯಂದಿರು" ಅಂದರು. ಈಗ ಅದೇ ಹೆಸರು. "ಅಳಿಯಂದಿರು ಎದ್ದಿದಾರಾ?" ಎಂದು ಕೇಳಿಕೊಂಡೇ ಹೊರಗಿನಿಂದ ಬರುತ್ತಾರೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ಹಾಲ್ ದೊಡ್ಡದಾಗಿ ಕಾಣುತ್ತದೆ ಎಂದು ಮೊದಲ ವಾರ ಇವರ ಒತ್ತಾಯ. ಒತ್ತಿ ನಿಲ್ಲಿಸಿದೆ. ಕೆಳಸ್ವರವೆಲ್ಲ ಮೂಲೆಯಲ್ಲಿ ಸೇರಿ ಕೊಡದೊಳಗೆ ಮಾತಾಡಿದಂತೆ ಗುಂಯ್‌ಗುಟ್ಟಿತು. ಗಣಿತದ ಮೇಷ್ಟ್ರಲ್ಲವೇ, ಕೇಳಿ ಒಪ್ಪಿಕೊಂಡರು. ಆಮೇಲೆ ಇಬ್ಬರೂ ಸೇರಿ ಇಷ್ಟಿಷ್ಟೇ ಮುಂದಕ್ಕೆ ಎಳೆದೆವು. ಗೋಡೆಯಿಂದ ಒಂದೂವರೆ ಮೊಳ ಬಂದಾಗ ಗುಂಯ್ ಬಿಟ್ಟಿತು, ಡೋಲು ಡೋಲಾಯಿತು. ಈಗ ಸೋಫಾ ಬಾಗಿಲಿಗೆ ಅಡ್ಡ ಇದೆ. ಬಂದವರು ಪಕ್ಕಕ್ಕೆ ತಿರುಗಿ ಒಳಗೆ ಬರಬೇಕು. ಬರಲಿ.

ನಾನು ಕೇಳುವುದು ಹೇಗೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಹಾಡು ಹಾಕಿ ನಡೆಯುತ್ತೇನೆ. ಎಡಗಡೆಯ ಪೆಟ್ಟಿಗೆಯ ಹತ್ತಿರ ಹೋದರೆ ಅಲ್ಲಿ ಕೂತವರು ಸಿಗುತ್ತಾರೆ, ಬಲಗಡೆಗೆ ಬಂದರೆ ಅಲ್ಲಿನವರು. ನಡುವೆ ನಿಂತು ಬಲಕಿವಿ ಮುಂದೆ ಮಾಡಿ ತಲೆ ತಿರುಗಿಸುತ್ತಾ ಬಂದರೆ ಯಾರು ಯಾರಿಗೆ ದಾರಿ ಬಿಡುತ್ತಿದ್ದಾರೆ ಎಂದು ತಿಳಿಯುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಒಂದೇ ಸಲಕ್ಕೆ ಸಿಗುವುದು ನನಗೆ ಹಾಡು ಎರಡು ಮೂರು ಸಲ ಸುತ್ತಿದ ಮೇಲೆ ಸಿಗುತ್ತದೆ. ತಡವಾಗುತ್ತದೆ. ಆದರೆ ಸಿಗುತ್ತದೆ.

ಈಗಲೂ ಕಳಿಸಲ್ವಾ?

ಮೊಂಡಿ


ಜೂನ್ 12

ಮೊಂಡಿಗೆ,

ನಿನ್ನ ಹಟ ಗೆದ್ದಿತು, ಸಂತೋಷ. ಮುಂದಿನ ತಿಂಗಳು ಮೊದಲ ವಾರ ನಾವಿಬ್ಬರೂ ಎರಡು ದಿನದ ಮಟ್ಟಿಗೆ ಬರುತ್ತೇವೆ. ಅಳಿಯಂದಿರನ್ನು ನೋಡಿದಂತಾಗುತ್ತದೆ.

ಸಿಡಿ ವಿಚಾರ ಬಂದಾಗ ಮಾತಾಡೋಣ.

ನಿನ್ನ ಅಣ್ಣ


ಜುಲೈ 16

ಅಣ್ಣನಿಗೆ,

ಬಂದೆ, ಉಂಡೆ, ಸ್ಪೀಕರಿನ ಮೈ ಸವರಿ "ಒಳ್ಳೇ ಮಾಲು" ಅಂದೆ, ಸಿಡಿ ವಿಚಾರ ಎತ್ತದೆ ಹೋದೆ. ಅದು ಒಂದು ಕಡೆ ಇರಲಿ. ಈಗ ನಾನು ಹೇಳುವುದನ್ನು ಕೂತು ಓದು.

ನೀವು ಹೊರಟ ಮೇಲೆ ಒಂದು ಸಂಜೆ ನೀನೇ ಮಾಡಿದ ಹಳೆಯ ಕೊಳಲು–ಪಿಟೀಲು ಹಾಕಿದೆ. ಕೊಳಲು ಬಲಕ್ಕೆ, ಪಿಟೀಲು ಎಡಕ್ಕೆ. ಅವರನ್ನು ಹಾಗೆ ಕೂರಿಸುವ ವಿಷಯಕ್ಕೆ ನಾವಿಬ್ಬರೂ ಒಂದು ವಾರ ಮಾತು ಬಿಟ್ಟಿದ್ದೆವು, ಹಾಗಾಗಿ ನಾನು ಮರೆಯುವುದು ಸಾಧ್ಯವಿಲ್ಲ. ಎಡಗಡೆಯ ಪೆಟ್ಟಿಗೆಗೆ ನಡೆದು ಹೋದೆ. ಪಿಟೀಲು ಇತ್ತು, ಜೊತೆಗೆ ಕೊಳಲೂ ಇತ್ತು. ಬಲಗಡೆಗೆ ಬಂದೆ. ಅಲ್ಲೂ ಇಬ್ಬರೂ ಇದ್ದರು. ಒಬ್ಬರ ಮಡಿಲಲ್ಲಿ ಇನ್ನೊಬ್ಬರು ಕೂತ ಹಾಗೆ.

ಮೊದಲು ಸಿಡಿ ಕೆಟ್ಟಿದೆ ಅಂದುಕೊಂಡೆ. ಬೇರೆ ಹಾಕಿದೆ, ಅದೂ ಹಾಗೇ. ಆಮೇಲೆ ಅಂಗಡಿಯವನಿಗೆ ಫೋನ್ ಮಾಡಿ, ಕೆಟ್ಟ ಮಾಲು ತಲೆಗೆ ಕಟ್ಟಿದೀರಿ, ಒಂದು ಕಿವಿಯವಳಿಗೆ ಏನು ಗೊತ್ತಾಗುತ್ತೆ ಅಂದುಕೊಂಡಿರಾ ಎಂದು ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವನು ಮಾರನೇ ದಿನವೇ ಮೆಕ್ಯಾನಿಕ್ ಕಳಿಸುತ್ತೇನೆ ಅಂದ. ಮೆಕ್ಯಾನಿಕ್ ಬರುವವರೆಗೆ ಸುಮ್ಮನಿರುವ ಜಾತಿಯವಳಲ್ಲ ನಾನು. ಟಾರ್ಚ್ ಹಿಡಿದು ವೈರುಗಳನ್ನು ಒಂದೊಂದಾಗಿ ಹಿಂಬಾಲಿಸಿದೆ. ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ನಾನು ಹಾಕದ, ಹೆಬ್ಬೆರಳು ಗಾತ್ರದ ಕರಿ ತುಂಡೊಂದು ಕೂತಿತ್ತು. ಎರಡೂ ಬದಿಯ ಧ್ವನಿಯನ್ನು ಕಲಸಿ ಎರಡೂ ಪೆಟ್ಟಿಗೆಗೆ ಒಂದೇ ಮುದ್ದೆ ಬಡಿಸುವ ತುಂಡು.

ನಮ್ಮ ಮನೆಗೆ ಬಂದವರಲ್ಲಿ ಅಂಥದ್ದನ್ನು ಬೆಸುಗೆ ಹಾಕಿ ಮಾಡಬಲ್ಲವನು ನೀನೊಬ್ಬನೇ. ಭಾನುವಾರ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡರು ಎಂದು ನಾನು ಹೋಗಿದ್ದೆನಲ್ಲ, ಆಗ ತಾನೇ? ಇವರನ್ನು ಕೇಳಿದರೆ, "ಭಾವ ಏನೋ ಧೂಳು ಒರೆಸ್ತಾ ಇದ್ರು" ಅಂದರು.

ಅಂಗಡಿಯವನ ಹತ್ತಿರ ಕ್ಷಮೆ ಕೇಳಿದ್ದು ನಾನು. ಅವನು "ಪರವಾಗಿಲ್ಲ ಮೇಡಂ, ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಗೊತ್ತೇ ಆಗ್ತಿರಲಿಲ್ಲ" ಅಂದ. ನಿನಗೆ ಮಾತ್ರ ನನಗೆ ಗೊತ್ತಾಗುವುದಿಲ್ಲ ಎಂದು ಖಾತ್ರಿಯಿತ್ತು.

ತುಂಡು ಇದರ ಜೊತೆಗಿದೆ. ನಿನಗೆ ಬೇಕಾಗಬಹುದು.

ಮೊಂಡಿ


ಆಗಸ್ಟ್ 2

ಮೊಂಡಿಗೆ,

ನಾನೇ ಹಾಕಿದ್ದು. ಕದ್ದು ಹಾಕಿದ್ದು ತಪ್ಪು. ಹಾಕಿದ ಕಾರಣ ತಪ್ಪು ಎಂದು ನನಗೆ ಇನ್ನೂ ಅನ್ನಿಸಿಲ್ಲ.

ನೀನು ಸೋಫಾದಲ್ಲಿ ಕೂತಿದ್ದೆ, ಹಾಡು ಬರುತ್ತಿತ್ತು. ಎಡಗಡೆಯದು ನಿನಗೆ ಮಂಕಾಗಿ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅಷ್ಟು ಆಸೆಪಟ್ಟು ತಂದಿದ್ದಾಳೆ, ಅರ್ಧ ಹಾಡು ಅವಳ ಕೈಬಿಟ್ಟು ಹೋಗುತ್ತಿದೆ, ಎರಡನ್ನೂ ಸೇರಿಸಿದರೆ ಏನೂ ಹೋಗುವುದಿಲ್ಲ ಅಂದುಕೊಂಡೆ. ಅಂಥ ತುಂಡು ನನ್ನ ಕೆಲಸದ ಚೀಲದಲ್ಲಿ ಯಾವಾಗಲೂ ಇರುತ್ತದೆ. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ. ನಡೆದು ಕೇಳುತ್ತೇನೆ ಎಂದು ನೀನು ಬರೆದದ್ದನ್ನು ಓದಿದ್ದೆ. ನಂಬಿರಲಿಲ್ಲ.

ಸಿಡಿ ಯಾಕೆ ಕಳಿಸುವುದಿಲ್ಲ ಎಂದು ನೀನು ಮೂರು ಸಲ ಕೇಳಿದೆ. ಆಪರೇಷನ್ ಆಗಿ ವಾರಕ್ಕೆ ನಾನು ಆಸ್ಪತ್ರೆಗೆ ಬಂದಿದ್ದೆ. ಅವತ್ತಷ್ಟೇ ಮುಗಿಸಿದ ಹಾಡೊಂದು ನನ್ನ ಹತ್ತಿರವಿತ್ತು. ನಿನ್ನ ತಲೆಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಎರಡು ನಿಮಿಷ ಕೇಳಿ ನೀನು "ಚೆನ್ನಾಗಿದೆ ಅಣ್ಣ" ಅಂದೆ.

ಹುಟ್ಟಿದಾಗಿನಿಂದ ನೀನು ನನ್ನ ಯಾವ ಕೆಲಸವನ್ನೂ ಚೆನ್ನಾಗಿದೆ ಅಂದಿಲ್ಲ. "ಪರವಾಗಿಲ್ಲ" ಅಂದರೆ ನಾನು ಅವತ್ತು ಸ್ವೀಟ್ ಹಂಚುತ್ತಿದ್ದೆ. ಆ "ಚೆನ್ನಾಗಿದೆ" ಕೇಳಿದಾಗ, ಮುಗಿಯಿತು, ಇವಳಿಗೆ ಇನ್ನು ಕೇಳಿಸುವುದಿಲ್ಲ, ನನ್ನ ಮನಸ್ಸು ನೋಯಬಾರದು ಎಂದು ಹೇಳುತ್ತಿದ್ದಾಳೆ ಅನ್ನಿಸಿತು. ಆಮೇಲೆ ಕಳಿಸಿ, ನೀನು ಮತ್ತೆ ಮತ್ತೆ ಚೆನ್ನಾಗಿದೆ ಅನ್ನುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಅಣ್ಣ


ಆಗಸ್ಟ್ 9

ಅಣ್ಣನಿಗೆ,

ತಲೆಯಲ್ಲಿ ಹೊಲಿಗೆ, ಕೈಯಲ್ಲಿ ಸೂಜಿ, ಮೈಯೆಲ್ಲ ನೋವಿನ ಔಷಧಿ. ಅವತ್ತು ಕಿಟಕಿಯ ಮೇಲೆ ಕೂತ ಕಾಗೆ ಕೂಗಿದರೂ ಚೆನ್ನಾಗಿದೆ ಅನ್ನುತ್ತಿದ್ದೆ. ನರ್ಸ್ ತಂದುಕೊಟ್ಟ ಗಂಜಿಗೂ ಅಂದಿದ್ದೆ, ಬೇಕಾದರೆ ಇವರನ್ನು ಕೇಳು. ಆ ಒಂದು ಮಾತು ಹಿಡಿದುಕೊಂಡು ನನ್ನನ್ನು ಎರಡು ವರ್ಷ ಹೊರಗೆ ಕೂರಿಸಿದೆಯಾ?

ಕಳಿಸು. ಆದರೆ ಒಂದು ಮಾತು. ಪಾಪ ಅನ್ನಿಸಿ ಕಳಿಸುವುದಾದರೆ ಬೇಡ. ಬಿಡುಗಡೆಯಾಗಿ ಮುಗಿದದ್ದನ್ನು ನನ್ನ ಸಮಾಧಾನಕ್ಕೆ ಕಳಿಸಿದರೂ ಗೊತ್ತಾಗುತ್ತದೆ. ಇನ್ನೂ ನಿನ್ನ ಕೈಯಲ್ಲಿರುವುದನ್ನು, ಕೆಟ್ಟರೆ ನಿನಗೆ ನಷ್ಟವಾಗುವುದನ್ನು ಕಳಿಸು.

ಮೊಂಡಿ


ಸೆಪ್ಟೆಂಬರ್ 27

ಮೊಂಡಿಗೆ,

ಇದರ ಜೊತೆ ನಾಲ್ಕು ಹಾಡುಗಳಿವೆ. ಒಬ್ಬಳೇ ಗಾಯಕಿ, ಪಿಟೀಲು, ಕೊಳಲು, ಡೋಲು. ಇಲ್ಲಿ ಕೇಳಿದವರೆಲ್ಲ ಹೊಗಳಿದ್ದಾರೆ. ದುಡ್ಡು ಹಾಕಿದವರು ತಾರೀಖು ಗೊತ್ತುಮಾಡಿ ಕೂತಿದ್ದಾರೆ. ಇನ್ನೂ ಕೊಟ್ಟಿಲ್ಲ.

ಅಣ್ಣ


ಅಕ್ಟೋಬರ್ 10

ಅಣ್ಣನಿಗೆ,

ದಿನಾ ಕೆಲಸದಿಂದ ಬಂದು ಕೇಳಿದೆ. ಇವರು ಈ ವಾರವೆಲ್ಲ ಅಡುಗೆಮನೆಯಲ್ಲೇ ಉತ್ತರಪತ್ರಿಕೆ ತಿದ್ದಿದರು, ಹಾಲಿನಲ್ಲಿ ನನ್ನ ಕಾಲಿಗೆ ಸಿಗುತ್ತಾರೆ ಎಂದು ನಾನೇ ಎಬ್ಬಿಸಿದ್ದೆ.

ಮೊದಲ ಹಾಡು. ಗಾಯಕಿ ಉಸಿರು ಎಳೆದುಕೊಳ್ಳುವುದನ್ನೆಲ್ಲ ಅಳಿಸಿಹಾಕಿದ್ದೀಯ. ಅಷ್ಟು ಉದ್ದದ ಸಾಲನ್ನು ಮನುಷ್ಯರು ಉಸಿರಿಲ್ಲದೆ ಹಾಡುವುದಿಲ್ಲ. ವಾಪಸ್ ಹಾಕು.

ಎರಡನೆಯದು. ಎಡಗಡೆಯ ಪೆಟ್ಟಿಗೆಯ ಪಕ್ಕ ನಿಂತರೆ ಡೋಲಿನ ಪ್ರತಿ ಪೆಟ್ಟಿನ ಹಿಂದೆ ಏನೋ ತೆಳ್ಳಗೆ ಗಿಲಕ್ ಅನ್ನುತ್ತದೆ. ಸ್ಪೀಕರಿನದಲ್ಲ, ಬೇರೆ ಹಾಡು ಹಾಕಿ ನೋಡಿದೆ, ಇಲ್ಲ. ನಡುವೆ ಕೂತರೆ ಕೊಳಲು ಅದನ್ನು ಮುಚ್ಚುತ್ತದೆ. ಅದಕ್ಕೇ ಕುರ್ಚಿಯಲ್ಲಿ ಕೂತ ನಿಮಗ್ಯಾರಿಗೂ ಸಿಕ್ಕಿಲ್ಲ.

ಮೂರನೆಯದು. ಪಿಟೀಲನ್ನು ಎಲ್ಲಿಗೆ ಕಳಿಸಿದ್ದೀಯ? ಗಾಯಕಿ ಹಾಲಿನಲ್ಲಿ, ಪಿಟೀಲು ಬಚ್ಚಲಲ್ಲಿ. ಹತ್ತಿರ ಕರೆದು ಕೂರಿಸು.

ನಾಲ್ಕನೆಯದು ಪರವಾಗಿಲ್ಲ.

ಒಟ್ಟಿನಲ್ಲಿ ನಾನು ಒಪ್ಪುವುದಿಲ್ಲ. ಹೀಗೇ ಹೊರಗೆ ಬಿಡಬೇಡ. ಬಿಡುವುದು ಬಿಡದಿರುವುದು ನಿನ್ನ ಕೈಯಲ್ಲಿದೆ, ಆದರೆ ಬಿಟ್ಟರೆ ನನ್ನ ಮಾತು ಮೀರಿ ಬಿಟ್ಟೆ ಎಂದು ತಿಳಿದೇ ಬಿಡು.

ಮೊಂಡಿ


ಅಕ್ಟೋಬರ್ 31

ಮೊಂಡಿಗೆ,

ತಾರೀಖು ಮುಂದೆ ಹೋಯಿತು. ದುಡ್ಡು ಹಾಕಿದವರು ಸ್ಟುಡಿಯೋಗೆ ಬಂದು, "ಎಲ್ಲ ಮುಗೀತು ಅಂದ್ರಲ್ಲ, ಈಗ ಯಾಕೆ ಮತ್ತೆ?" ಎಂದು ಎಗರಾಡಿದರು. "ನಮ್ಮ ತಂಗಿ ಒಪ್ಪಿಲ್ಲ" ಅಂದೆ. "ಯಾರ್ರೀ ಅದು ನಿಮ್ಮ ತಂಗಿ? ಹಾಡ್ತಾರಾ?" "ಇಲ್ಲ, ಲಿಫ್ಟ್ ರಿಪೇರಿ ಮಾಡ್ತಾಳೆ." ನಿನ್ನ ಅತ್ತಿಗೆ ನಡುವೆ ಬಾಯಿ ಹಾಕಿ, "ಅವಳಿಗೆ ಒಂದು ಕಿವಿ ಬೇರೆ ಕೇಳಿಸಲ್ಲ" ಎಂದು ಬೆಂಕಿಗೆ ತುಪ್ಪ ಸುರಿದಳು. ಅವರು ಕುರ್ಚಿ ಹಿಡಿದುಕೊಂಡು ಕೂತರು. ಕೂರಲಿ ಎಂದು ನಾನು ಕೆಲಸ ಶುರುಮಾಡಿದೆ.

ಉಸಿರು ವಾಪಸ್ ಹಾಕಿದ್ದೇನೆ. ನೀನು ಹೇಳಿದ್ದು ಸರಿ, ಈಗ ಹೆಣ್ಣುಮಗಳು ಹಾಡುತ್ತಿದ್ದಾಳೆ, ಮೊದಲು ಗ್ರಾಮಫೋನ್ ಹಾಡುತ್ತಿತ್ತು. ಡೋಲಿನದು ಹುಡುಕಿದೆ. ಮೈಕಿನ ಕಾಲಿನ ತಿರುಪು ಸಡಿಲವಿತ್ತು, ಪ್ರತಿ ಪೆಟ್ಟಿಗೂ ಅದೇ ಅಲ್ಲಾಡುತ್ತಿತ್ತು. ಡೋಲಿನವರನ್ನು ಕರೆಸಿ ಮತ್ತೆ ಬಾರಿಸಲು ಹೇಳಿ ರೆಕಾರ್ಡ್ ಮಾಡಿದ್ದಾಯಿತು.

ಆದರೆ ಮೂರನೇ ಹಾಡಿನ ಬಗ್ಗೆ ನೀನು ಬರೆದಿರುವುದು ಶುದ್ಧ ತಪ್ಪು. ಪಿಟೀಲು ಬಚ್ಚಲಲ್ಲಿ ಇಲ್ಲ. ಅದು ದೂರ ಇರಬೇಕು, ಅದಕ್ಕೇ ದೂರ ಕೂರಿಸಿದ್ದೇನೆ. ಗಾಯಕಿ ಕರೆಯುತ್ತಾಳೆ, ಅದು ಬರುವುದಿಲ್ಲ, ಇಡೀ ಹಾಡು ಇರುವುದೇ ಅಷ್ಟು. ಅಷ್ಟೂ ಗೊತ್ತಾಗದೆ ಹತ್ತಿರ ಕರೆದು ಕೂರಿಸು ಅಂತೀಯಲ್ಲ, ನಾಚಿಕೆಯಾಗಬೇಕು ನಿನಗೆ. ನಾನು ಒಂದು ಕೂದಲಷ್ಟೂ ಸರಿಸುವುದಿಲ್ಲ. ಹೊಸದಾಗಿ ಮಾಡಿದ್ದನ್ನು ಕಳಿಸಿದ್ದೇನೆ, ಮತ್ತೆ ಕೇಳು. ಆಮೇಲೂ ನಿನ್ನದೇ ಸರಿ ಅನ್ನುವುದಾದರೆ, ಇರುವ ಆ ಒಂದು ಕಿವಿಯನ್ನೂ ಡಾಕ್ಟರ ಹತ್ತಿರ ಚೆನ್ನಾಗಿ ತೊಳೆಸಿಕೊಂಡು ಬಂದು ನನ್ನ ಜೊತೆ ಮಾತಾಡು.

ನಿನ್ನ ಅಣ್ಣ